ತಾಯಿಕೋಳೀನ ಗೂಡಿಗೆ ಸೇರಿಸಿದ ಮೂಡ್ಲ

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ಈಗಲೇ ನಕ್ಕುಬುಡಿ. ಕೊನೇಲಿ ನಗು ಬಂದ್ರೂ ನನ್ನ ಬೈಕೋಬ್ಯಾಡಿ, ಬರದಿದ್ರೂ ಬೈಕೋಬ್ಯಾಡಿ.

ಒಂದೂರಲ್ಲಿ ನಿಂಗಾಜಮ್ಮ ಅಂತ ಇದ್ಲು. ಗಂಡ ಹೋಗಿ ಬಾಳ ವರ್ಸ ಆಗಿತ್ತು. ಇದ್ದೊಬ್ಬ ಮಗ ಮೂಡ್ಲ. ಆಳು ನೋಡಿದ್ರೆ ಬಾಗಿಲಿಗೆ ತಲೆ ತಾಗ್ತದೆ, ಬುದ್ಧಿ ನೋಡಿದ್ರೆ... ಹೋಗ್ಲಿ ಬುಡಿ. ಕೆಟ್ಟೋನಲ್ಲ, ಸೋಮಾರಿಯಲ್ಲ. ಹೇಳಿದ್ದು ಮಾಡ್ತಿದ್ದ. ಹೇಳಿದ್ದನ್ನೇ ಮಾಡ್ತಿದ್ದ! ಅದೇ ನೋಡಿ ಕಷ್ಟ. "ಒಲೆ ಮೇಲಿನ ಹಾಲು ಉಕ್ಕೋದ ನೋಡ್ತಿರ್ಲಾ" ಅಂದ್ರೆ ಕೂತು ನೋಡ್ತಿದ್ದ. ಹಾಲು ಉಕ್ಕಿ, ಒಲೆ ಆರಿ, ಬೂದಿಯೆಲ್ಲ ಬೆಳ್ಳಗಾದ್ರೂ ನೋಡ್ತಿದ್ದ. "ಚೆನ್ನಾಗಿ ಉಕ್ತು ಕನವ್ವ, ಪೂರ್ತಿ ನೋಡ್ದೆ" ಅಂತಿದ್ದ.

"ಅಯ್ಯೋ ನನ್ನ ಹಣೇಬರವೇ!" ಅಂತ ನಿಂಗಾಜಮ್ಮ ತಲೆ ಚಚ್ಕೊಳ್ಳೋಳು. ಬೈದು ಬೈದು ಅವಳ ಗಂಟಲು ಬಿದ್ದೋಗಿತ್ತು. ಅವಳಿಗಿದ್ದ ಚಿಂತೆ ಒಂದೇ. ನಾನು ಕಣ್ಣು ಮುಚ್ಚಿದ್ರೆ ಇವನಿಗೆ ಒಂದು ಮುದ್ದೆ ತಿರುವಿ ಹಾಕೋರ್ಯಾರು? ಅದಕ್ಕೇ ಊರೂರು ಸುತ್ತಿ ಹೆಣ್ಣು ಕೇಳಿದ್ಲು. ಎಲ್ಲಾ ಕಡೆ ಮಜ್ಜಿಗೆ ಕೊಟ್ಟು ಕಳಿಸಿದ್ರು, ಹೆಣ್ಣು ಕೊಡಲಿಲ್ಲ.

ಕೊನೆಗೆ ರಾಚಮ್ಮ ಅನ್ನೋಳು ಒಪ್ಪಿದ್ಲು. ಗಂಡ ಜ್ವರದಲ್ಲಿ ತೀರ್ಕೊಂಡಿದ್ದ, ಎರಡು ಸಣ್ಣ ಮಕ್ಕಳಿದ್ವು. "ಪೆದ್ದ ಆದ್ರೇನು, ಹೊಡೆಯಲ್ಲ, ಕುಡಿಯಲ್ಲ, ಅಷ್ಟು ಸಾಕು" ಅಂದಿದ್ಲಂತೆ. ಗಂಡ ಸತ್ತೋಳು ಇನ್ನೊಂದು ಮನೆ ಸೇರೋದಕ್ಕೆ ಅವರಲ್ಲಿ ಕೂಡಿಕೆ ಅಂತಾರೆ. ಚಪ್ಪರ ಇಲ್ಲ, ಓಲಗ ಇಲ್ಲ. ಕತ್ತಲಾದ ಮೇಲೆ ದೀಪ ಸಣ್ಣಗೆ ಮಾಡಿ, ಹಿತ್ತಲ ಬಾಗಿಲಿಂದ ಒಳಕ್ಕೆ ಕರ್ಕೊಂಡುಬುಡೋದು. ಕದ್ದ ಮಾಲು ತಂದಂಗೆ! ರಾಚಮ್ಮ ಅದಕ್ಕೆ ಮಾತ್ರ ಬಗ್ಗಲಿಲ್ಲ. "ಹಗಲಲ್ಲೇ ಬರ್ತೀನಿ, ಮುಂಬಾಗಿಲಲ್ಲೇ ಬರ್ತೀನಿ. ಬೀದಿಯೋರೆಲ್ಲ ನೋಡ್ಲಿ. ನಾನೇನು ತಪ್ಪು ಮಾಡಿಲ್ಲ." ಇದೊಂದು ಮಾತಿಗೇ ಹಿಂದೆ ಎರಡು ಕಡೆ ಮುರಿದುಕೊಂಡಿದ್ಲು.

"ಬಾರವ್ವ ತಾಯಿ, ಆರತಿ ಎತ್ತಿ ಕರ್ಕೋತೀನಿ" ಅಂದ್ಲು ನಿಂಗಾಜಮ್ಮ. ಬಾಯಿಮಾತಿಗಲ್ಲ, ಮನಸಾರೆ ಅಂದ್ಲು.

ಅವರಲ್ಲಿ ಇನ್ನೊಂದು ರೂಢಿ. ಮಕ್ಕಳಿರೋ ಹೆಂಗಸಾದ್ರೆ, ಅವಳಿಗಿಂತ ಮುಂಚೆ ಒಂದು ತಾಯಿಕೋಳಿ, ಅದರ ಮರಿಗಳನ್ನ ಗಂಡಿನ ಮನೆಗೆ ಕಳಿಸ್ತಾರೆ. ಹದಿನೈದು ದಿನಕ್ಕೆ ಅದು ಮನೆಯ ಹಳೇ ಕೋಳಿಗಳ ಜೊತೆ ಒಗ್ಗಿಕೊಂಡು, ಮರಿ ಉಳಿಸ್ಕೊಂಡಿದ್ರೆ, ಆ ಮನೇಲಿ ತಾಯಿಮಕ್ಕಳು ಬಾಳ್ತಾರೆ ಅಂತ ನಂಬಿಕೆ. ಸತ್ತೋದ್ರೆ ಸಂಬಂಧವೂ ಹೋಯ್ತು.

ರಾಚಮ್ಮನ ಅಣ್ಣ ಒಂದು ಕೆಂಚು ಕೋಳಿ, ಒಂಬತ್ತು ಮರಿ ತಂದು ಇಳಿಸಿ ಹೋದ. ನಿಂಗಾಜಮ್ಮನ ಹಿತ್ತಲಲ್ಲಿ ಆಗಲೇ ಐದು ಹ್ಯಾಟೆಕೋಳಿ, ಒಂದು ಹುಂಜ. ಒಂದಕ್ಕಿಂತ ಒಂದು ಜಗಳಗಂಟಿ.

"ಲೋ ಮೂಡ್ಲ, ಹೊಸ ಕೋಳೀನ ಈಗಲೇ ಹಿಂಡಿಗೆ ಬುಡಬ್ಯಾಡ. ಮೊದ್ಲು ಒಂದರ ಮುಖ ಒಂದು ನೋಡ್ಲಿ" ಅಂದು ನೀರಿಗೆ ಹೋದ್ಲು.

ಮೂಡ್ಲ ಏನು ಮಾಡ್ದ? ಒಂದೊಂದೇ ಹಳೇ ಕೋಳಿ ಹಿಡ್ಕೊಂಡು ಬಂದ. ಕೆಂಚಿಯ ಮೂತಿಗೆ ಮೂತಿ ತಂದು ಹಿಡ್ದ. "ನೋಡು! ಇವಳ್ನ ನೋಡು! ಸರಿಯಾಗಿ ನೋಡು!" ಕೋಳಿ ಬುಡ್ತಾವಾ? ಕುಕ್ಕಿದ್ವು, ಹಾರಿದ್ವು, ಪುಕ್ಕ ಕಿತ್ತವು. ಜಗಳದ ಕಾಲಡಿಗೆ ಸಿಕ್ಕಿ ಒಂದು ಮರಿ ಅಪ್ಪಚ್ಚಿ ಆಯ್ತು.

ನಿಂಗಾಜಮ್ಮ ಬಿಂದಿಗೆ ಅಲ್ಲೇ ಇಟ್ಟು ಬಾಯಿ ಬಾಯಿ ಬಡ್ಕೊಂಡ್ಲು. "ಅಯ್ಯೋ ಮುಠ್ಠಾಳ! ಮಧ್ಯ ಒಂದು ಬಿದಿರು ತಡಿಕೆ ಅಡ್ಡ ಇರಬೇಕು ಕಣ್ಲಾ! ಮುಖ ಕಾಣಬೇಕು, ಕೊಕ್ಕು ತಾಗಬಾರ್ದು! ತಿಳೀತಾ?"

"ತಿಳೀತು ಕನವ್ವ. ಮುಖ ಕಾಣಬೇಕು, ಕೊಕ್ಕು ತಾಗಬಾರ್ದು."

ಮಾರನೇ ದಿನ ಅವಳು ಕಳೆ ಕೀಳೋಕೆ ಹೋದ್ಲು. ಮೂಡ್ಲ ಕಾವಲು ಕೂತ. ಕೆಂಚಿ ನುಚ್ಚು ಕೆದಕಿ ಲೊಕ್ ಲೊಕ್ ಅಂತ ಕರೀತು. ಮರಿಗಳು ಓಡಿ ಬಂದು ತಾಯಿ ಕೊಕ್ಕಿಂದಲೇ ಕಿತ್ಕೊಂಡು ತಿಂದ್ವು. ಮೂಡ್ಲ ಎದ್ದು ನಿಂತ. ಅರೆ! ಕೊಕ್ಕು ತಾಗ್ತಾ ಅದಲ್ಲ! ತಾಯೀನ ಹಿಡಿದು ತಡಿಕೆಯ ಈಚೆ ಹಾಕ್ದ, ಮರಿಗಳನ್ನ ಆಚೆ ಬುಟ್ಟ. ಮುಖ ಕಾಣ್ತಿತ್ತು, ಕೊಕ್ಕು ತಾಗ್ತಿರಲಿಲ್ಲ. ಕೆಂಚಿ ಕೂಗ್ತು, ಮರಿ ಕೂಗಿದ್ವು, ಮೇಲಿಂದ ಹದ್ದು ಇಳೀತು. ಎರಡು ಮರಿ ಹೋದ್ವು.

"ಥೂ ನಿನ್ನ! ತಾಯಿಮಕ್ಕಳನ್ನ ಅಗಲಿಸ್ತಾರೇನ್ಲಾ ಪಾಪಿ? ತಾಯಿ ಎಲ್ಲಿರ್ತಾಳೋ ಮಕ್ಕಳು ಅಲ್ಲೇ ಇರಬೇಕು!"

"ಹೂಂ ಕನವ್ವ. ತಾಯಿ ಎಲ್ಲೋ ಮಕ್ಕಳು ಅಲ್ಲೇ."

ಎರಡು ದಿನ ಬುಟ್ಟು ಬೀದಿ ನಾಯಿ ಹಿತ್ತಲಿಗೆ ನುಗ್ತು. ಕೆಂಚಿ ಹೆದರಿ ಪುರ್ ಅಂತ ಹಾರಿ ಹೆಂಚಿನ ಮೇಲೆ ಕೂತ್ಕೊಳ್ತು. ಮೂಡ್ಲ ನಾಯೀನ ಓಡಿಸಿದ. ಇಲ್ಲೀತನಕ ಸರಿ. ಆಮೇಲೆ ಮರಿ ನೋಡ್ದ, ಹೆಂಚು ನೋಡ್ದ. ತಾಯಿ ಅಲ್ಲಿ, ಮಕ್ಕಳು ಇಲ್ಲಿ! ಒಂದೊಂದೇ ಮರಿ ಹಿಡಿದು ಮೇಲಕ್ಕೆ ಎಸೆಯೋಕೆ ಶುರು ಮಾಡ್ದ. "ಹೋಗು ನಿಮ್ಮವ್ವನ ತಾವ! ಹೋಗು ನೀನೂ!" ಮೇಲಕ್ಕೆ ಎಸೆದದ್ದು ಜಾರಿ ಕೆಳಕ್ಕೆ ಬೀಳೋದು, ಇವನು ಮತ್ತೆ ಎಸೆಯೋದು. ನಿಂಗಾಜಮ್ಮ ಬಂದು ಕೈ ಹಿಡಿಯೋಷ್ಟರಲ್ಲಿ ಒಂದರ ಕತ್ತು ಮುರಿದಿತ್ತು.

ಉಳಿದದ್ದು ಐದು. ಅವತ್ತು ಅವಳು ಕೂಗಾಡಲಿಲ್ಲ, ಸತ್ತ ಮರಿ ಮಡಿಲಲ್ಲಿ ಹಾಕ್ಕೊಂಡು ಅತ್ತುಬುಟ್ಲು. "ನಿನಗೋಸ್ಕರ ಕಣೋ ನಾನು ಇಷ್ಟು ಒದ್ದಾಡೋದು! ಈ ಕೋಳಿ ಉಳೀದಿದ್ರೆ ಆ ಹೆಣ್ಣು ಬರಲ್ಲ. ಆ ಹೆಣ್ಣು ಬರದಿದ್ರೆ, ನಾ ಸತ್ತ ಮೇಲೆ ನಿಂಗ್ಯಾರು ಗತಿ?"

ಆಮೇಲೆ ಮೂಗು ಒರೆಸ್ಕೊಂಡು ಹೇಳಿದ್ಲು. "ಕೇಳು ಇಲ್ಲಿ. ಹಗಲಲ್ಲಿ ಹಿಂಡಿಗೆ ಸೇರಿಸಬಾರ್ದು. ಹಗಲಲ್ಲಿ ಎಲ್ಲಾ ಕಣ್ಣು ಬುಟ್ಕೊಂಡಿರ್ತವೆ, ಹೊಸಬರು ಕಂಡ್ರೆ ಕುಕ್ತವೆ. ಕತ್ತಲಾಗ್ಲಿ. ಎಲ್ಲಾ ಗಳದ ಮೇಲೆ ಕೂತು ತೂಕಡಿಸೋ ಹೊತ್ತಲ್ಲಿ, ಸದ್ದಿಲ್ಲದಂಗೆ ಒಳಕ್ಕೆ ಬುಡಬೇಕು. ಬೆಳಿಗ್ಗೆ ಎದ್ದು ನೋಡ್ತವೆ, ಇವರೂ ನಮ್ಮೋರೇ ಅಂದ್ಕೊಂಡು ಸುಮ್ಕಾಗ್ತವೆ."

ಮುಸ್ಸಂಜೇಲಿ ತಾಯಿ ಮಗ ಇಬ್ಬರೂ ಹೋದ್ರು. ಹಳೇ ಕೊಟ್ಟಿಗೆಯೇ ಕೋಳಿಗಳ ಗೂಡು. ಅಡ್ಡ ಕಟ್ಟಿದ ಗಳದ ಮೇಲೆ ಐದು ಹ್ಯಾಟೆ, ಹುಂಜ ಸಾಲಾಗಿ ಕೂತಿದ್ವು. ಮೂಡ್ಲ ಉಸಿರು ಬಿಗಿಹಿಡ್ಕೊಂಡು ಕೆಂಚೀನ ಗಳದ ಕೆಳಗೆ ಹುಲ್ಲಲ್ಲಿ ಇಳಿಸ್ದ, ಮರಿಗಳನ್ನ ಅದರ ರೆಕ್ಕೆಯಡಿ ತಳ್ಳಿದ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಒಂದೇ ತಾವ ಕೆದಕ್ತಾ ಇದ್ವು. ಒಂದೆರಡು ಕುಕ್ಕು, ಅಷ್ಟೆ.

"ಅಪ್ಪಾ ನನ್ನ ಕಂದ! ಇದೊಂದು ಸರಿಯಾಗಿ ಮಾಡ್ದೆ!" ಅಂದ್ಲು ನಿಂಗಾಜಮ್ಮ. ಹುಟ್ಟಿದಾಗಿಂದ ಅವನು ಹೊಗಳಿಸ್ಕೊಂಡಿದ್ದು ಅದೇ ಮೊದ್ಲು. ದಿನವೆಲ್ಲ ಅದನ್ನೇ ಗುನುಗ್ತಾ ತಿರುಗಿದ. ಕತ್ತಲಾಗ್ಲಿ, ಸದ್ದಿಲ್ಲದಂಗೆ ಒಳಕ್ಕೆ, ಬೆಳಿಗ್ಗೆ ನಮ್ಮೋರೇ.

ಹದಿನೈದು ದಿನ ತುಂಬ್ತು. ರಾಚಮ್ಮನ ಅಣ್ಣ ಬಂದು ನೋಡಿ, "ಐದು ಉಳಿದವಲ್ಲ, ಕೋಳಿ ಒಗ್ಗಿಕೊಂಡದೆ, ಸಾಕು. ಸೋಮವಾರ ಕರ್ಕೊಂಡು ಬರ್ತೀನಿ" ಅಂದು ಹೋದ. ನಿಂಗಾಜಮ್ಮ ಮನೆ ಸಾರಿಸಿದ್ಲು, ಹೊಸಿಲಿಗೆ ಅರಿಶಿಣ ಬಳಿದ್ಲು. ಸೋಮವಾರ ಬೆಳಿಗ್ಗೆ ಊರ ಯಜಮಾನರನ್ನ ಕರೆಯೋಕೆ ಹೊರಟೋಳು ಬಾಗಿಲಲ್ಲಿ ನಿಂತು ಹೇಳಿದ್ಲು. "ಅವರೇನಾದ್ರೂ ನನಗಿಂತ ಮುಂಚೆ ಬಂದ್ರೆ ಚೆನ್ನಾಗಿ ನೋಡ್ಕೊಳ್ಳಪ್ಪ. ನಮ್ಮ ಕೆಂಚೀನೂ ಮರೀನೂ ಹೆಂಗೆ ನೋಡ್ಕೊಂಡ್ಯೋ, ಹಂಗೇ ನೋಡ್ಕೋ."

ಅಯ್ಯೋ ನಿಂಗಾಜಮ್ಮ! ನಿನ್ನ ಬಾಯಿಗೆ ಬೇರೆ ಮಾತು ಸಿಗಲಿಲ್ವೇ?

ಅವರು ಮುಂಚೇನೇ ಬಂದ್ರು. ರಾಚಮ್ಮ ಹೊಸ ಸೀರೆ ಉಟ್ಟಿದ್ಲು. ಕಂಕುಳಲ್ಲಿ ಮಗಳು, ಕೈಲಿ ಮಗ, ಹಿಂದೆ ಅಣ್ಣ. ತಲೆ ಎತ್ಕೊಂಡು ಬೀದಿ ಮಧ್ಯದಲ್ಲೇ ನಡ್ಕೊಂಡು ಬಂದ್ಲು. ಬೀದಿಯೋರೆಲ್ಲ ಜಗಲಿಗೆ ಬಂದು ಕಣ್ಣು ಬುಟ್ಕೊಂಡು ನೋಡಿದ್ರು. ಒಬ್ಬಳು ಇನ್ನೊಬ್ಬಳ ಕಿವೀಲಿ ಏನೋ ಅಂದು ಕಿಸಕ್ ಅಂದ್ಲು.

ಮೂಡ್ಲ ಅದನ್ನ ನೋಡ್ದ. ಕುಕ್ತಾರೆ! ಈಗ ಕುಕ್ತಾರೆ! ಓಡೋಗಿ ತಡಿಕೆ ತಂದ, ಮುಂಬಾಗಿಲಿಗೆ ಅಡ್ಡ ಇಟ್ಟ. ಎರಡೂ ಕೈ ಚಾಚಿ ನಿಂತ.

"ಈಗ ಬರಬ್ಯಾಡ! ಹಗಲಲ್ಲಿ ಬರಬ್ಯಾಡ!"

ರಾಚಮ್ಮ ನಿಂತ್ಲು. "ಏನಂದೆ?"

"ಎಲ್ಲಾ ನೋಡ್ತಾವ್ರೆ. ಕತ್ತಲಾಗ್ಲಿ. ಎಲ್ಲಾ ಮಲಗ್ಲಿ. ಆಗ ಹಿತ್ತಲ ಕಡೆಯಿಂದ ಸದ್ದಿಲ್ಲದಂಗೆ ಒಳಕ್ಕೆ ಬುಡ್ತೀನಿ!" ಅಂದು, ಮಕ್ಕಳ ಮುಂದೆ ಒಂದು ಹಿಡಿ ನುಚ್ಚು ಚೆಲ್ಲಿದ. ಪ್ರೀತಿಯಿಂದಲೇ ಚೆಲ್ಲಿದ. ಜಗಲಿ ಮೇಲಿದ್ದೋರು ಗೊಳ್ ಅಂತ ನಕ್ರು.

ರಾಚಮ್ಮನ ಮುಖ ಕಪ್ಪಿಟ್ಟೋಯ್ತು. "ಇದನ್ನ ಹೇಳಿಕೊಟ್ಟೋರ್ಯಾರು?"

"ನಮ್ಮವ್ವ!" ಅಂದ ಮೂಡ್ಲ. ಹೆಮ್ಮೆಯಿಂದ ಎದೆ ಉಬ್ಬಿತ್ತು.

ನಿಂಗಾಜಮ್ಮ ಯಜಮಾನರ ಜೊತೆ ಬರೋಷ್ಟರಲ್ಲಿ ಬಾಗಿಲಲ್ಲಿ ತಡಿಕೆ ಇತ್ತು, ನೆಲದಲ್ಲಿ ನುಚ್ಚಿತ್ತು, ತಾಯಿಮಕ್ಕಳು ಇರಲಿಲ್ಲ. ಎದ್ದು ಬಿದ್ದು ಓಡಿದ್ಲು. ಕೆರೆ ಏರಿ ಮೇಲೆ ಸಿಕ್ಕಿದ್ರು.

"ರಾಚವ್ವ, ಅವನು ಪೆದ್ದ ಕನವ್ವ! ಅವನ ಮಾತು ಮನಸಿಗೆ ಹಚ್ಕೋಬ್ಯಾಡ! ನಾನು ಹೇಳಿದ್ದು ಕೋಳಿ ಮಾತು ಕನವ್ವ!"

"ಪೆದ್ದ ಅಂತ ಗೊತ್ತಿದ್ದೇ ಬಂದೆ ಕಣತ್ತೆ" ಅಂದ್ಲು ರಾಚಮ್ಮ. ದನಿ ಜೋರಿರಲಿಲ್ಲ. "ಕೋಳಿಗೇ ಹೇಳಿದ್ದಿರಬೋದು, ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಅಷ್ಟು ಜನ ನಕ್ರಲ್ಲ, ಆ ಬೀದೀಲಿ ನನ್ನ ಮಕ್ಕಳು ಬೆಳೀಬೇಕಾ?"

ನಿಂಗಾಜಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. "ಕೋಳೀನಾದ್ರೂ ತಕ್ಕೊಂಡೋಗವ್ವ" ಅಂದ್ಲು.

"ಬ್ಯಾಡ ಬುಡಿ. ಅದು ಅಲ್ಲಿ ಒಗ್ಗಿಕೊಂಡದೆ. ಮತ್ತೆ ಕೀಳಬ್ಯಾಡಿ" ಅಂದು ರಾಚಮ್ಮ ನಡೆದ್ಲು. ಮಗ ಮಾತ್ರ ಎರಡು ಸಲ ತಿರುಗಿ ನೋಡ್ದ.

ಮನೆಗೆ ಬಂದ ನಿಂಗಾಜಮ್ಮ ಮಗನ ಎರಡೂ ಭುಜ ಹಿಡಿದು ಅಲ್ಲಾಡಿಸಿದ್ಲು. "ಹೋಯ್ತಲ್ಲೋ! ಎಲ್ಲಾ ಹೋಯ್ತಲ್ಲೋ! ನಾಳೆ ನಾ ಸತ್ರೆ ನಿನಗ್ಯಾರೋ ಇದಾರೆ? ಯಾರ ಜೊತೆ ಬಾಳ್ತೀಯೋ? ನಿನ್ನ ನಮ್ಮೋನು ಅನ್ನೋರು ಯಾರೋ?" ಅಷ್ಟು ಅಂದು ಗೋಡೆಗೆ ಒರಗಿ ಕೂತೋಳು ಮೇಲೇಳಲಿಲ್ಲ. ಒಲೆ ಹಚ್ಚಲಿಲ್ಲ. ಮೂಡ್ಲ ಮೂಲೇಲಿ ನಿಂತು ಬಾಳ ಹೊತ್ತು ಯೋಚನೆ ಮಾಡ್ದ.

ಹೊತ್ತು ಮುಳುಗ್ತು. "ಮೂಡ್ಲಾ" ಅಂದ್ಲು. ಉತ್ತರ ಇಲ್ಲ. ಬೀದೀಲಿ ನೋಡಿದ್ಲು, ಬಾವಿ ತಾವ ಬಗ್ಗಿ ನೋಡಿದ್ಲು. ಇಲ್ಲ. ಕೊನೆಗೆ ಚಿಮಣಿ ದೀಪ ಹಿಡ್ಕೊಂಡು ಕೊಟ್ಟಿಗೆಗೆ ಬಂದ್ಲು.

ಗಳದ ಮೇಲೆ ಐದು ಹ್ಯಾಟೆ, ಒಂದು ಹುಂಜ. ಅವುಗಳ ಮಧ್ಯ ಕುಕ್ಕರಗಾಲಲ್ಲಿ ಮೂಡ್ಲ. ಗಳ ಬಗ್ಗಿ ಮುರಿಯೋ ಹಂಗಿತ್ತು. ಕೆಳಗೆ ಹುಲ್ಲಲ್ಲಿ ಕೆಂಚಿ ಐದೂ ಮರಿ ರೆಕ್ಕೆಯಡಿ ಇಟ್ಕೊಂಡು ಬೆಚ್ಚಗೆ ಮಲಗಿತ್ತು.

"ಅಲ್ಲೇನ್ಲಾ ಮಾಡ್ತಿದ್ದೀಯ?" ಅಂದ್ಲು.

"ಶ್! ಕೂಗಬ್ಯಾಡ ಕನವ್ವ" ಅಂದ ಮೂಡ್ಲ ಪಿಸುಮಾತಲ್ಲಿ. "ನೀ ಸತ್ರೆ ನಂಗೆ ಯಾರೂ ಇಲ್ಲ ಅಂದ್ಯಲ್ಲ, ಅದಕ್ಕೇ ಕತ್ತಲಾಗೋದ ಕಾದು ಸದ್ದಿಲ್ಲದಂಗೆ ಬಂದು ಕೂತಿದ್ದೀನಿ. ಬೆಳಿಗ್ಗೆ ಎದ್ದು ನೋಡಿ ನನ್ನೂ ನಮ್ಮೋನೇ ಅಂದ್ಕೊತವೆ."

ನಿಂಗಾಜಮ್ಮ ಬಾಯಿ ತೆರೆದ್ಲು. ಬೈಗುಳ ಬರಲಿಲ್ಲ, ಹೊಸ ಬುದ್ಧಿಮಾತೂ ಬರಲಿಲ್ಲ. ಕೋಳಿಗೆ ಎಚ್ಚರಾದೀತು ಅಂತ ಚಿಮಣಿ ಆರಿಸಿ, ಅಲ್ಲೇ ಹುಲ್ಲಿನ ಮೇಲೆ ಕೂತ್ಲು.

ಕತೆ ಇಷ್ಟೇ. ನಕ್ಕೋರು ಯಾರ್ಯಾರು, ಕೈ ಎತ್ತಿ ನೋಡೋಣ.