ಹನ್ನೆರಡನೇ ತೂತು

ರೇಷ್ಮೆ ಕಚೇರಿಯ ದಾರಿ ತುಂಬ ಜಾಲಿಮುಳ್ಳು. ಹೆಡ್ ಗುಮಾಸ್ತ ವೆಂಕೋಬರಾಯರ ಹೊಸ ಸೈಕಲ್ಲು ವಾರಕ್ಕೆರಡು ಸಲ ಪಂಕ್ಚರ್ ಆಗುತ್ತಿತ್ತು. ಜವಾನನ ಹಳೇ ಸೈಕಲ್ಲು ಒಂದು ಸಲವೂ ಇಲ್ಲ. ಅದನ್ನು ನೋಡಿ ನೋಡಿ ರಾಯರಿಗೆ ಊಟವೇ ಸೇರದಾಯಿತು.

"ಅದ್ಯಾವ ಫಾರಿನ್ ಟೈರೋ? ಬಿಚ್ಚು, ನೋಡ್ತೀನಿ," ಎಂದು ಒಂದು ದಿನ ಗದರಿದರು.

ಜವಾನ ಬಿಚ್ಚಿದ. ಟೈರಿನೊಳಗೆ, ಟ್ಯೂಬಿನ ಮೇಲೆ, ಹಳೇ ಟ್ಯೂಬೊಂದನ್ನು ಸೀಳಿ ಹಾಸಿದ್ದ.

"ಮುಳ್ಳು ಇದರಲ್ಲೇ ನಿಂತುಬಿಡುತ್ತೆ ಸ್ವಾಮಿ. ನೀವು ಬಿಸಾಡಿದ ಟ್ಯೂಬೇ ಇದು."

ರಾಯರ ಹೊಟ್ಟೆ ಇನ್ನಷ್ಟು ಉರಿಯಿತು. "ಹಾಗಾದರೆ ನನ್ನದು. ಕೊಡು ಈಗಲೇ."

ಜವಾನ ಎರಡೂ ಕೈಯಲ್ಲಿ ಒಪ್ಪಿಸಿದ. "ತಗೊಳ್ಳಿ. ತೂತುಗಳೂ ನಿಮ್ಮವೇ, ಎಣಿಸ್ಕೊಳ್ಳಿ."

ರಾಯರು ಕೂತು ಎಣಿಸಿದರು. ಆಮೇಲೆ ತಲೆ ಎತ್ತಿ ಕೇಳಿದರು:

"ನನಗೆ ಹನ್ನೆರಡು ಪಂಕ್ಚರ್ ಆಗಿತ್ತು. ಇಲ್ಲಿ ಹನ್ನೊಂದೇ ಇವೆ. ಇನ್ನೊಂದು ತೂತು ಎಲ್ಲಿಟ್ಟಿದ್ದೀಯೋ?"