ಕೈ ಮೊದಲೋ, ಕಾಲು ಮೊದಲೋ

ನದಿಯ ದಂಡೆಯ ಗರಡಿ ಮನೆಯಲ್ಲಿ ಬಸಲಿಂಗಪ್ಪನವರು ಕುಸ್ತಿ ಕಲಿಸುತ್ತಿದ್ದರು. ವಯಸ್ಸು ಅರವತ್ತೆಂಟು. ಎಡ ಮಂಡಿ ಸವೆದಿತ್ತು.

ಶಿವಲೀಲಾ ಎಂಬಾಕೆ ಅವರ ಶಿಷ್ಯೆ. ಒಬ್ಬ ಎದುರಾಳಿಗೆ ಎರಡು ಸಲ ಸೋತಿದ್ದಳು. ಅವಳ ಜೊತೆಗಿನ ಮೂರನೆಯ ಕುಸ್ತಿಗೆ ಎಂಟು ದಿನ ಉಳಿದಿತ್ತು.

ಗುರುಗಳ ಒಂದು ಪಟ್ಟು ಕೈಗೆ ಹತ್ತಿದರೆ ಗೆಲ್ಲಬಹುದಿತ್ತು. ಅವರು ಅದನ್ನು ಸಿದ್ದಪ್ಪನೆಂಬ ಜಟ್ಟಿಯ ಮೇಲೆ ಹಾಕಿ ತೋರಿಸಿದಾಗ ಕ್ಯಾಮೆರಾದಲ್ಲಿ ಹಿಡಿದುಕೊಂಡಳು.

ನಾಲ್ಕು ದಿನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಅಭ್ಯಾಸ ಮಾಡಿದಳು. ನಾಲ್ಕೂ ದಿನ ತಾನೇ ಬಿದ್ದಳು.

"ಎಲ್ಲಿ, ತೋರಿಸು," ಎಂದರು ಗುರುಗಳು.

ಚಿತ್ರ ನಿಲ್ಲಿಸಿದಳು. ಹಿಂದಿನ ಗೋಡೆ ಸ್ಪಷ್ಟವಾಗಿತ್ತು. ಗುರುಗಳ ಕೈಕಾಲು ಮಾತ್ರ ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡಿದ್ದವು.

"ಎಚ್‌ಡಿ ಅಂದಿದ್ದೆಯಲ್ಲ?"

"ಎಚ್‌ಡಿಯೇ ಗುರುಗಳೇ. ಆದರೆ ಇಂಟರ್‌ಲೇಸ್ಡ್‌ನಲ್ಲಿ ಇಟ್ಟುಬಿಟ್ಟಿದ್ದೆ. ಕ್ಯಾಮೆರಾ ಮೊದಲು ಒಂದು, ಮೂರು, ಐದನೆಯ ಗೆರೆ ಹೀಗೆ ಬರೆದುಕೊಳ್ಳುತ್ತೆ. ಆಮೇಲೆ ಎರಡು, ನಾಲ್ಕು, ಆರು. ಎರಡನ್ನೂ ಸೇರಿಸಿ ಒಂದು ಚಿತ್ರ."

"ನಡುವೆ ನಾನು ಅಲುಗಾಡಿದರೆ?"

"ಅರ್ಧ ಗೆರೆಗಳಲ್ಲಿ ಮೊದಲಿನ ಕಾಲು, ಇನ್ನರ್ಧದಲ್ಲಿ ಆಮೇಲಿನ ಕಾಲು. ಗೋಡೆ ಅಲುಗೋದಿಲ್ಲ. ಅದಕ್ಕೇ ಅದು ಚೆನ್ನಾಗಿದೆ."

"ಹಾಗಾದರೆ ಕೈ ಮೊದಲು ಹೋಯಿತೋ, ಕಾಲು ಮೊದಲೋ?"

ಶಿವಲೀಲಾ ತಲೆ ತಗ್ಗಿಸಿದಳು. "ಎರಡೂ ಒಟ್ಟಿಗೆ ಅಂದುಕೊಂಡಿದ್ದೆ. ಇದರಲ್ಲಿ ಗೊತ್ತಾಗಲ್ಲ."

ಗುರುಗಳು ಅಂಗಿ ಕಳಚಿದರು.

"ಬೇಡ ಗುರುಗಳೇ, ನಿಮ್ಮ ಮಂಡಿ ತಡೆಯಲ್ಲ."

"ಕ್ಯಾಮೆರಾ ಸರಿಮಾಡು."

ಆಕೆ ಪ್ರೋಗ್ರೆಸಿವ್‌ಗೆ ಬದಲಿಸಿದಳು. ಸೆಕೆಂಡಿಗೆ ಐವತ್ತು ಚಿತ್ರ. ಒಂದೊಂದು ಚಿತ್ರದ ಎಲ್ಲ ಗೆರೆಗಳೂ ಒಂದೇ ಗಳಿಗೆಯವು.

ಗುರುಗಳು ಸಿದ್ದಪ್ಪನನ್ನು ಕರೆದು ಮತ್ತೆ ಪಟ್ಟು ಹಾಕಿದರು. ಅವನು ಬಿದ್ದ. ಗುರುಗಳು ಮಂಡಿ ಹಿಡಿದುಕೊಂಡು ಮಣ್ಣಿನಲ್ಲೇ ಕುಳಿತರು. ನರಳಲಿಲ್ಲ.

ಶಿವಲೀಲಾ ಒಂದೊಂದೇ ಚಿತ್ರ ಸರಿಸುತ್ತ ಹೋದಳು. ಒಂದು ಕಡೆ ಅವಳ ಬೆರಳು ನಿಂತಿತು. ಗುರುಗಳ ಪಾದ ಸಿದ್ದಪ್ಪನ ಹಿಮ್ಮಡಿಯ ಹಿಂದೆ ಊರಿಯಾಗಿತ್ತು. ಅವರ ಕೈ ಇನ್ನೂ ಹೊರಟೇ ಇರಲಿಲ್ಲ.

"ಕಾಲು ಮೊದಲು!" ಎಂದು ಕೂಗಿದಳು. "ಗುರುಗಳೇ, ಇದನ್ನ ಮೊದಲೇ ಹೇಳಬಹುದಿತ್ತಲ್ಲ?"

"ನನಗೆಲ್ಲಿ ಗೊತ್ತಿತ್ತು? ಐವತ್ತು ವರ್ಷದಿಂದ ಹಾಕ್ತಿದ್ದೀನಿ. ಕಣ್ಣಾರೆ ನೋಡಿದ್ದು ಇವತ್ತೇ."

ಆಕೆ ಮತ್ತೆ ಪರದೆಯ ಮೇಲೆ ಬಗ್ಗಿದಳು. "ಇನ್ನೊಂದು ಸಲ ನೋಡಿಕೊಳ್ಳಲಾ?"

ಗುರುಗಳು ಸಿದ್ದಪ್ಪನ ಹೆಗಲು ಹಿಡಿದು ಎದ್ದರು. ಅವನನ್ನು ಪಕ್ಕಕ್ಕೆ ಕಳಿಸಿದರು. ಅಖಾಡದ ನಡುವೆ ಕಾಲಗಲಿಸಿ ನಿಂತರು.

"ನೋಡಿದ್ದಾಯಿತು. ಬಾ, ನನ್ನನ್ನು ಕೆಡವು."