ವಸ್ತ್ರದ ಕೆಳಗಿನ ಕೈ

ಶಿಷ್ಯ ಕೇಳಿದ: "ಗುರುಗಳೇ, ಕಳ್ಳತನವಾದ ಮನೆಯ ಚಿಲಕದ ಮೇಲೆ ಒಬ್ಬನ ಗುರುತು ಸಿಕ್ಕಿದೆ. ಕಣ್ಣಿಗೆ ಕಾಣದಷ್ಟು ಚರ್ಮದ ಪುಡಿ. ಡಿಎನ್‌ಎ ಪರೀಕ್ಷೆ ಮಾಡಿಸಿದೆವು, ಅವನದೇ. ಅವನೋ ಆ ಮನೆಯ ಹೊಸ್ತಿಲನ್ನೇ ತುಳಿದಿಲ್ಲ ಅನ್ನುತ್ತಾನೆ. ನಾಳೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು. ಯಾರನ್ನು ನಂಬಲಿ?"

ಶಿಷ್ಯ ಪೊಲೀಸ್ ಇಲಾಖೆಗೆ ಹೊಸದಾಗಿ ಸೇರಿದ ತನಿಖಾಧಿಕಾರಿ. ಗುರುಗಳು ಮಠಕ್ಕೆ ಬರುವ ಮೊದಲು ಎತ್ತಿನ ವ್ಯಾಪಾರ ಮಾಡಿದವರು. ಕೇಳಿದ ಕೂಡಲೇ ಉತ್ತರ ಕೊಡುವ ಚಾಳಿ ಅವರಿಗೆ ಆ ವ್ಯಾಪಾರದಲ್ಲೇ ಬಿಟ್ಟುಹೋಗಿತ್ತು. ಜಗಲಿಯ ಮೇಲೆ ಪಕ್ಕದಲ್ಲಿ ಕೂರಲು ಹೇಳಿ ಕತೆ ಶುರುಮಾಡಿದರು.

ಒಬ್ಬ ರೈತ ದನದ ಸಂತೆಯಲ್ಲಿ ತನ್ನ ಜೋಡೆತ್ತು ಮಾರಿ ಊರಿಗೆ ಹೊರಟ. ದಾರಿಯಲ್ಲಿ ಯಾರೋ ಹಿಂದಿನಿಂದ ಕಬ್ಬಿಣದ ಸಲಾಕೆಯಲ್ಲಿ ತಲೆಗೆ ಹೊಡೆದು, ಎತ್ತು ಮಾರಿದ ಹಣ ಕಿತ್ತುಕೊಂಡು ಹೋದರು. ರೈತ ಅಲ್ಲೇ ಸತ್ತ. ಸಲಾಕೆ ಬೇಲಿಯಲ್ಲಿ ಸಿಕ್ಕಿತು. ಅದರ ಒಂದು ತುದಿಗೆ ರಕ್ತ ಹತ್ತಿತ್ತು. ಕೈಯಲ್ಲಿ ಹಿಡಿಯುವ ತುದಿ ಶುಭ್ರವಾಗಿತ್ತು, ಒಂದು ಬೆರಳಚ್ಚೂ ಇರಲಿಲ್ಲ.

ಅಂದು ರೈತನ ಹತ್ತಿರ ಹಣವಿದೆ ಎಂದು ತಿಳಿದವರು ಇಬ್ಬರೇ. ಎತ್ತು ಕೊಂಡ ವ್ಯಾಪಾರಿ ಒಬ್ಬ, ವ್ಯಾಪಾರ ಕುದುರಿಸಿದ ದಲ್ಲಾಳಿ ಇನ್ನೊಬ್ಬ. ಪೊಲೀಸ್ ಅಧಿಕಾರಿ ಹೋಲಿಸಿ ನೋಡಲು ಇಬ್ಬರ ಬಾಯಲ್ಲೂ ಹತ್ತಿ ಆಡಿಸಿ ಎಂಜಲು ತೆಗೆದು, ಸಲಾಕೆಯ ಜೊತೆಗೆ ಪ್ರಯೋಗಾಲಯಕ್ಕೆ ಕಳಿಸಿದ. ಅಲ್ಲಿನ ಪರೀಕ್ಷಕಿ ಸಲಾಕೆಯ ಶುಭ್ರವಾದ ತುದಿಯನ್ನು ಒದ್ದೆ ಹತ್ತಿಯಿಂದ ಒರೆಸಿ ಪರೀಕ್ಷಿಸಿದಳು. ವ್ಯಾಪಾರಿಯ ಗುರುತು ಸಿಕ್ಕಿತು. ದಲ್ಲಾಳಿಯದು ಸಿಗಲಿಲ್ಲ.

ವ್ಯಾಪಾರಿಯನ್ನು ಜೈಲಿಗೆ ಹಾಕಿದರು. ಆ ಸಲಾಕೆಯನ್ನು ತಾನು ಕಂಡೇ ಇಲ್ಲ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎತ್ತೂ ಬಂತು, ಕೊಟ್ಟ ದುಡ್ಡೂ ವಾಪಸು ಬಂತು, ಇಂಥ ವ್ಯಾಪಾರ ನಮಗೆ ತಿಳಿಯದೇ ಹೋಯಿತಲ್ಲ ಎಂದು ಸಂತೆಯವರು ಆಡಿಕೊಂಡರು. ಅವನ ಕೊಟ್ಟಿಗೆಯ ದನಗಳಿಗೆ ಬೆಲೆ ಕೇಳುವವರೇ ಇಲ್ಲವಾದರು. ಶಿಕ್ಷೆಯಾದರೆ ಅವನು ಜೀವ ಇರುವವರೆಗೆ ಒಳಗೇ ಇರಬೇಕಿತ್ತು.

ಅಧಿಕಾರಿ ಕೋರ್ಟಿಗೆ ಕೊಡುವ ವರದಿ ಒಯ್ಯಲು ಬಂದಾಗ ಪರೀಕ್ಷಕಿ ಇನ್ನೂ ಅದನ್ನೇ ನೋಡುತ್ತಾ ಕೂತಿದ್ದಳು.

"ಇನ್ನೇನು ಮೇಡಂ ನೋಡೋದು? ಗುರುತು ಸುಳ್ಳು ಹೇಳುತ್ತದೆಯೇ?"

"ಹೇಳೋದಿಲ್ಲ. ಅದಕ್ಕೇ ನೀವು ಇನ್ನೊಬ್ಬನನ್ನೂ ಹಿಡಿಯಬೇಕಾಗುತ್ತದೆ."

"ಯಾರನ್ನು?"

"ಸತ್ತವನನ್ನು. ಅವನ ಗುರುತೂ ಇದೇ ಹಿಡಿಯ ಮೇಲಿದೆ. ಅಲ್ಲಿ ರಕ್ತದ ಸುಳಿವೇ ಇಲ್ಲ. ತನ್ನ ತಲೆಗೆ ತಾನೇ ಹಿಂದಿನಿಂದ ಹೊಡೆದುಕೊಂಡನೇ?"

ಅಧಿಕಾರಿ ವರದಿಯನ್ನು ಮೇಜಿನ ಮೇಲೇ ಬಿಟ್ಟ. ಇಬ್ಬರೂ ಜೈಲಿಗೆ ಹೋದರು. ಆ ರೈತನನ್ನು ಎಲ್ಲಾದರೂ ಮುಟ್ಟಿದ್ದಿರಾ ಎಂದು ಪರೀಕ್ಷಕಿ ವ್ಯಾಪಾರಿಯನ್ನು ಕೇಳಿದಳು. ಇದೆಂಥ ಪ್ರಶ್ನೆ ಎಂಬಂತೆ ಅವನು ಅವಳ ಮುಖ ನೋಡಿದ.

"ಕೈ ಹಿಡಿಯದೆ ಎತ್ತು ಹೇಗೆ ಕೊಳ್ಳಲಿ ತಾಯಿ?"

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಹೆಗಲ ಮೇಲಿನ ವಸ್ತ್ರ ತೆಗೆದು ಶಿಷ್ಯನ ಬಲಗೈ ಮೇಲೆ ಹೊದಿಸಿದರು. ತಮ್ಮ ಕೈಯನ್ನೂ ಅದರ ಕೆಳಗೆ ತೂರಿಸಿ ಅವನ ಬೆರಳುಗಳನ್ನು ಹಿಡಿದರು. ನಾಲ್ಕು ಜನರೆದುರು ಬೆಲೆಯನ್ನು ಬಾಯಿಬಿಟ್ಟು ಹೇಳಿದರೆ ಪಕ್ಕದವನು ಕೆಡಿಸುತ್ತಾನೆ. ಅದಕ್ಕೇ ಕೊಳ್ಳುವವನೂ ಮಾರುವವನೂ ಹೀಗೆ ಬೆರಳು ಅದುಮಿ ಚೌಕಾಸಿ ಮಾಡುತ್ತಾರೆ ಎಂದು ವಿವರಿಸಿದರು. ಮೇಲೆ ಹೊದಿಸುವ ವಸ್ತ್ರ ದಲ್ಲಾಳಿಯದು. ಬೆಲೆ ಕುದುರುವವರೆಗೆ ಇಬ್ಬರ ಕೈ ಬೆವರೂ ಅದರ ಒಳಮೈಗೆ ಹತ್ತುತ್ತದೆ. ಹೀಗೆ ಹೇಳಿ, ಹಿಡಿದ ಕೈ ಬಿಡದೆಯೇ ಕತೆ ಮುಂದುವರಿಸಿದರು.

ಅಧಿಕಾರಿ ದಲ್ಲಾಳಿಯ ವಸ್ತ್ರ ತರಿಸಿದ. ಬಂದದ್ದು ಹೊಚ್ಚ ಹೊಸದು, ಅಂಗಡಿಯ ಮಡಿಕೆ ಕೂಡ ಹೋಗಿರಲಿಲ್ಲ. ಅಧಿಕಾರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಸಂತೆಯಲ್ಲಿ ವಿಚಾರಿಸಿದಾಗ ಜನ ನಕ್ಕರು. ಆ ದಲ್ಲಾಳಿಯ ವಸ್ತ್ರ ಅವನಪ್ಪನ ಕಾಲದ್ದು. ಒಗೆದರೆ ಕೈಗುಣ ಹೋಗುತ್ತದೆಂದು ಹೆಂಡತಿ ಕೈಗೂ ಅದನ್ನು ಕೊಡದವನು ಅವನು. ಅಂಥವನು ಹೊಸದು ಹೊದ್ದನೆಂದರೆ ಹಳೆಯದಕ್ಕೆ ಏನೋ ಆಗಿರಬೇಕು ಎಂದರು.

ಮನೆ ಹುಡುಕಿದರು. ಹಳೆಯ ವಸ್ತ್ರ ಹುಲ್ಲಿನ ಬಣವೆಯೊಳಗೆ ಸಿಕ್ಕಿತು. ಸುಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಅದರ ಅಂಚಿನಲ್ಲಿ ರೈತನ ರಕ್ತದ ಹನಿಗಳಿದ್ದವು. ಒಳಮೈಯಲ್ಲಿ ಸಲಾಕೆಯ ತುಕ್ಕು ಹತ್ತಿತ್ತು. ತನ್ನ ಕೈ ತಗಲಬಾರದೆಂದು ದಲ್ಲಾಳಿ ಸಲಾಕೆಗೆ ಅದನ್ನೇ ಸುತ್ತಿ ಹಿಡಿದಿದ್ದ. ಹೊರಮೈ ಹಿಡಿದ ಅವನ ಕೈ ಕಬ್ಬಿಣಕ್ಕೆ ತಗಲಲಿಲ್ಲ, ಸರಿ. ಆದರೆ ಅಂದು ಬೆಳಿಗ್ಗೆ ಅದರ ಕೆಳಗೆ ಚೌಕಾಸಿ ಮಾಡಿದ ಎರಡು ಕೈಗಳ ಬೆವರು ಒಳಮೈಯಲ್ಲಿ ಇನ್ನೂ ಹಸಿಯಾಗಿತ್ತು, ಅವುಗಳ ಗುರುತು ಕಬ್ಬಿಣಕ್ಕೆ ಹತ್ತಿತು.

ದಲ್ಲಾಳಿ ಒಪ್ಪಿಕೊಂಡ. ವ್ಯಾಪಾರಿ ಹೊರಗೆ ಬಂದ. ಯಾರ ಹತ್ತಿರವೂ ಮಾತಾಡದೆ ನೆಟ್ಟಗೆ ಕೊಟ್ಟಿಗೆಗೆ ಹೋಗಿ, ಆ ಎತ್ತುಗಳು ಎಷ್ಟು ಸೊರಗಿವೆ ಎಂದು ನೋಡಿದ.

ಕತೆ ಮುಗಿಯಿತು. ಹಾಗಾದರೆ ಗುರುತನ್ನು ನಂಬಲೇಬಾರದೇ ಎಂದು ಶಿಷ್ಯ ಕೇಳಿದ. ವ್ಯಾಪಾರಿಯನ್ನು ಉಳಿಸಿದ್ದೂ ಸತ್ತವನ ಗುರುತೇ ಅಲ್ಲವೇ ಎಂದರು ಗುರುಗಳು. ಗುರುತು ಯಾರದೆಂದು ಎಲ್ಲರೂ ಕೇಳಿದರು. ಅಲ್ಲಿಗೆ ಹೇಗೆ ಬಂತೆಂದು ಕೇಳಿದವಳು ಒಬ್ಬಳೇ.

ಇದು ಶಿಷ್ಯನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅದು ಸಂತೆಯ ಮಾತು, ವಸ್ತ್ರ ಹೊದಿಸಿ ಕೈ ಹಿಡಿಯುವವರು ಈಗ ಎಲ್ಲಿದ್ದಾರೆ, ತನ್ನ ಮೊಕದ್ದಮೆಯಲ್ಲಿ ಇರುವುದು ಬರೀ ಒಂದು ಚಿಲಕ ಎನ್ನುತ್ತಾ ಏಳಲು ಹೋದ. ಅವನ ಬಲಗೈ ಇನ್ನೂ ವಸ್ತ್ರದ ಕೆಳಗೇ ಇತ್ತು.

ಗುರುಗಳು ಬೆರಳು ಸಡಿಲಿಸಿ, ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದರು:

"ಈ ಕೈಯಲ್ಲಿ ನೀನು ನೆಟ್ಟಗೆ ಹೋಗಿ ಆ ಚಿಲಕ ಹಿಡಿದರೆ, ಈ ಜಗಲಿ ಬಿಟ್ಟು ಏಳದ ನನ್ನನ್ನೂ ನಾಳೆ ಕೋರ್ಟಿಗೆ ಒಪ್ಪಿಸಬೇಕಾಗುತ್ತದಲ್ಲಪ್ಪ."